ಮೋಶೆಯ ಕೈಗಳು ಭಾರವಾದಾಗ

ಕೂತ್ಕೊಳ್ಳಿ. ಹಿಂದೆ ನಿಂತಿರೋರು ಮುಂದೆ ಬನ್ನಿ, ಎಡಗಡೆ ಕುರ್ಚಿ ಖಾಲಿ ಇದೆ.

ಇವತ್ತಿನ ವಾಕ್ಯಭಾಗ ವಿಮೋಚನಕಾಂಡ 17ನೇ ಅಧ್ಯಾಯ, 8ರಿಂದ 13ನೇ ವಚನಗಳು. ಮೊಬೈಲ್‌ನಲ್ಲಿ ತೆಗೆದರೂ ಪರವಾಗಿಲ್ಲ, ನೋಟಿಫಿಕೇಶನ್ ಮಾತ್ರ ಆಫ್ ಮಾಡಿ. ಓದುವ ಮುಂಚೆ ಈ ವಿಷಯ ಯಾಕೆ ತೆಗೆದುಕೊಂಡೆ ಅಂತ ಹೇಳಿಬಿಡ್ತೀನಿ.

ಕಳೆದ ತಿಂಗಳು ನಮ್ಮ ಯೂತ್ ಗ್ರೂಪಿನ ಒಬ್ಬ ತಂಗಿ ಪ್ರಾರ್ಥನೆ ಮುಗಿದ ಮೇಲೆ ಬಂದು ಮಾತಾಡಿದಳು. ಅವಳ ಒಪ್ಪಿಗೆ ಕೇಳಿಯೇ ಇದನ್ನು ಹೇಳ್ತಿದ್ದೀನಿ. ಅವಳಿಗೆ ಎರಡು ಕೀಮೋ ಆಗಿದೆ. ಯಾರೋ ಪರಿಚಯದವರು ವಾಟ್ಸ್ಆ್ಯಪ್‌ನಲ್ಲಿ ಉದ್ದದ ಮೆಸೇಜ್ ಕಳಿಸಿದ್ದಾರೆ. ದೇವರು ವಾಸಿಮಾಡ್ತಾನೆ ಅಂತ ನಂಬಿದವಳು ಆಸ್ಪತ್ರೆಗೆ ಯಾಕೆ ಹೋಗ್ತೀಯ, ಎರಡು ದೋಣಿಯಲ್ಲಿ ಕಾಲಿಟ್ಟರೆ ಅದ್ಭುತ ನಡೆಯೋದಿಲ್ಲ ಅಂತ. ಅವಳು ನನ್ನನ್ನ ಕೇಳಿದ್ದು ಇಷ್ಟೇ: "ಅಣ್ಣಾ, ಮೂರನೇ ಕೀಮೋಗೆ ಹೋದ್ರೆ ನನಗೆ ನಂಬಿಕೆ ಇಲ್ಲ ಅಂತಾಗುತ್ತಾ?"

"ಇಲ್ಲಮ್ಮ, ಹೋಗು" ಅಂದೆ. ಅವಳು ಹೋದಳು, ಸ್ತೋತ್ರ. ಆದರೆ ಕೇಳದೆ ಮನಸ್ಸಿನಲ್ಲೇ ಇಟ್ಟುಕೊಂಡು ಕೂತಿರೋರು ಈ ಹಾಲ್‌ನಲ್ಲಿ ಇನ್ನೂ ಎಷ್ಟು ಜನ ಇದ್ದೀರೋ. ನಿಮಗೋಸ್ಕರ ಇವತ್ತಿನ ಸಂದೇಶ. ನಾನು ಪುಸ್ತಕ ಓದಿ ಹೇಳ್ತಿಲ್ಲ ಅನ್ನೋದು ನಿಮ್ಮಲ್ಲಿ ಹಳಬರಿಗೆ ಗೊತ್ತು. ಹೊಸಬರಿಗೆ ಸ್ವಲ್ಪ ಹೇಳ್ತೀನಿ, ಮೊದಲು ವಾಕ್ಯ.

ರೆಫೀದೀಮಿನಲ್ಲಿ ಅಮಾಲೇಕ್ಯರು ಇಸ್ರಾಯೇಲ್ಯರ ಮೇಲೆ ಬೀಳ್ತಾರೆ. ಇವರು ಎಂಥ ಶತ್ರು ಅನ್ನೋದನ್ನ ಧರ್ಮೋಪದೇಶಕಾಂಡ 25ನೇ ಅಧ್ಯಾಯ ಹೇಳುತ್ತೆ. ಎದುರಿನಿಂದ ಬಂದವರಲ್ಲ. ದಾರಿ ನಡೆದು ದಣಿದು, ಹಿಂದೆ ಹಿಂದೆ ಬೀಳ್ತಾ ಬರ್ತಿದ್ದ ಬಲಹೀನರನ್ನ ಹಿಂದಿನಿಂದ ಹೊಡೆದವರು. ಮೋಶೆ ಯೆಹೋಶುವನಿಗೆ ಹೇಳ್ತಾನೆ: ಗಂಡಸರನ್ನ ಆರಿಸಿಕೊಂಡು ಹೋಗಿ ಯುದ್ಧ ಮಾಡು, ನಾನು ದೇವರ ಕೋಲು ಹಿಡಿದು ಗುಡ್ಡದ ತುದಿಯಲ್ಲಿ ನಿಲ್ತೀನಿ. ಮೋಶೆ ಕೈ ಎತ್ತಿದಾಗ ಇಸ್ರಾಯೇಲ್ಯರು ಗೆಲ್ತಾರೆ, ಕೈ ಇಳಿದಾಗ ಅಮಾಲೇಕ್ಯರು ಗೆಲ್ತಾರೆ. ಆಮೇಲೆ ಮೋಶೆಯ ಕೈಗಳು ಭಾರವಾಗ್ತವೆ. ಆರೋನನೂ ಹೂರನೂ ಒಂದು ಕಲ್ಲು ತಂದು ಇಡ್ತಾರೆ, ಮೋಶೆ ಅದರ ಮೇಲೆ ಕೂರ್ತಾನೆ, ಆ ಕಡೆ ಒಬ್ಬ ಈ ಕಡೆ ಒಬ್ಬ ನಿಂತು ಅವನ ಕೈಗಳಿಗೆ ಆಧಾರ ಕೊಡ್ತಾರೆ. ಹೊತ್ತು ಮುಳುಗುವ ತನಕ.

ಈ ಭಾಗದ ಮೇಲೆ ಸಂದೇಶ ಕೇಳಿರ್ತೀರಿ. ಸಾಮಾನ್ಯವಾಗಿ ಪ್ರಾರ್ಥನೆ ಬಿಡಬೇಡಿ, ಕೈ ಇಳಿಸಬೇಡಿ ಅಂತ ಮುಗಿಸ್ತೀವಿ. ಆದರೆ ವಾಕ್ಯದಲ್ಲಿ ಇರೋದು ಬೇರೆ. ಮೋಶೆಯ ಕೈ ಇಳಿಯಿತು. ಕೆಂಪು ಸಮುದ್ರದ ಮೇಲೆ ಕೈ ಚಾಚಿದ ಅದೇ ಮನುಷ್ಯ. ಅವನಿಗೇ ತೋಳು ಸೋತಿತು. ಆಗ ಆರೋನ "ಏನಣ್ಣ, ನಿನ್ನ ನಂಬಿಕೆ ಎಲ್ಲಿ ಹೋಯ್ತು?" ಅಂತ ಕೇಳಲಿಲ್ಲ. ಅಲ್ಲ, ತಪ್ಪು ಹೇಳಬಾರದು, ಆರೋನನೇ ದೊಡ್ಡವನು, ಮೂರು ವರ್ಷ. "ಏನಪ್ಪ ತಮ್ಮ" ಅಂತ ಕೇಳಬಹುದಿತ್ತು, ಕೇಳಲಿಲ್ಲ. ಹೋಗಿ ಒಂದು ಕಲ್ಲು ಹುಡುಕಿಕೊಂಡು ಬಂದ. ಕೂತು ಮಾಡುವ ಪ್ರಾರ್ಥನೆ ಕಡಿಮೆ, ನಿಂತು ಮಾಡಿದ್ದೇ ಹೆಚ್ಚು ಅಂತ ಯಾರೂ ಅಲ್ಲಿ ವಾದ ಮಾಡಲಿಲ್ಲ.

ಕೆಳಗೆ ಕಣಿವೆಯಲ್ಲಿ ಏನು ನಡೀತಿತ್ತು ಅದನ್ನೂ ನೋಡಿ. ಯೆಹೋಶುವ ಕತ್ತಿ ಹಿಡಿದಿದ್ದ. ಗುಡ್ಡದ ಮೇಲೆ ಕೈ ಎತ್ತಿದ್ದಾರಲ್ಲ, ಇನ್ನು ಕತ್ತಿ ಯಾಕೆ ಅಂತ ಅವನು ಅದನ್ನ ಒರೆಗೆ ಹಾಕಲಿಲ್ಲ. ಕಣಿವೆಯಲ್ಲಿ ಕತ್ತಿ, ಗುಡ್ಡದ ಮೇಲೆ ಕೋಲು. ಆ ದಿನ ಎರಡೂ ಬೇಕಿತ್ತು. ಎರಡನ್ನೂ ದೇವರೇ ಉಪಯೋಗಿಸಿದನು. ಆಮೆನ್?

ಈಗ ನನ್ನ ಸಾಕ್ಷಿ. 2022ರ ಜುಲೈ, ನನಗೆ 27 ವರ್ಷ. ಒಸಡಿನಲ್ಲಿ ರಕ್ತ, ಕಾಲಿನ ಮೇಲೆ ಚಿಕ್ಕ ಚಿಕ್ಕ ಕೆಂಪು ಚುಕ್ಕೆ, ಮೆಟ್ರೋ ಮೆಟ್ಟಿಲು ಹತ್ತಿದರೆ ಏದುಸಿರು. ಡೆಂಗ್ಯೂ ಇರಬೇಕು ಅಂತ ರಕ್ತಪರೀಕ್ಷೆ ಮಾಡಿಸಿದ್ದು. ಪ್ಲೇಟ್‌ಲೆಟ್ 9 ಸಾವಿರ. ಆರೋಗ್ಯವಂತರಿಗೆ ಒಂದೂವರೆ ಲಕ್ಷದ ಮೇಲೆ ಇರಬೇಕು. ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ನೋಡಿದರು. ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ, ಡಾಕ್ಟರುಗಳು ಎಎಂಎಲ್ ಅಂತಾರೆ. ರಕ್ತದ ಕ್ಯಾನ್ಸರ್. ಅಮ್ಮನಿಗೆ ಅದನ್ನ ಕನ್ನಡದಲ್ಲಿ ಹೇಳಬೇಕಾಗಿದ್ದು ನಾನೇ, ಯಾಕೆಂದರೆ ಡಾಕ್ಟರ್ ಇಂಗ್ಲಿಷ್‌ನಲ್ಲಿ ಹೇಳಿದ್ದು ಅಮ್ಮನಿಗೆ ಅರ್ಥ ಆಗಿರಲಿಲ್ಲ.

ಎರಡನೇ ದಿನವೇ ಅಡ್ಮಿಟ್. ಏಳು ದಿನ ಒಂದು ಔಷಧ ನಿಲ್ಲದೆ ಹನಿ ಹನಿಯಾಗಿ, ಮೊದಲ ಮೂರು ದಿನ ಅದರ ಜೊತೆಗೆ ಕೆಂಪು ಬಣ್ಣದ ಇನ್ನೊಂದು. ವಾರ್ಡಿನಲ್ಲಿ ಇದಕ್ಕೆ "ಸೆವೆನ್ ಪ್ಲಸ್ ತ್ರೀ" ಅಂತಾರೆ. ಈ ಔಷಧ ಕೆಟ್ಟ ಕಣಗಳ ಜೊತೆ ಒಳ್ಳೆಯ ಕಣಗಳನ್ನೂ ಅಳಿಸಿ ಹಾಕುತ್ತೆ. ಆಮೇಲೆ ಎರಡು ಮೂರು ವಾರ ದೇಹದಲ್ಲಿ ಸೈನಿಕರೇ ಇರೋದಿಲ್ಲ. ಸಾಮಾನ್ಯ ನೆಗಡಿಯೂ ಆಗ ದೊಡ್ಡ ಶತ್ರು. ಜ್ವರ 100.4 ದಾಟಿತು ಅಂದರೆ ಬೆಳಗಾಗಲಿ ಅಂತ ಕಾಯಬಾರದು, ತಕ್ಷಣ ಆಂಟಿಬಯೋಟಿಕ್ ಶುರುವಾಗಬೇಕು. ಕೀಮೋ ಆಗಿ ಮನೆಗೆ ಬಂದವರು ಯಾರಾದರೂ ಇಲ್ಲಿದ್ದರೆ ಈ ಒಂದು ಸಂಖ್ಯೆಯನ್ನ ಮನೆಯವರೆಲ್ಲ ನೆನಪಿಟ್ಟುಕೊಳ್ಳಿ. ಜ್ವರ ಬಂದಾಗ ಮೊದಲು ಆಸ್ಪತ್ರೆಗೆ ಹೊರಡಿ. ದಾರಿಯಲ್ಲಿ ಆಟೋದಲ್ಲೇ ಪ್ರಾರ್ಥನೆ ಮಾಡಿ, ಕರ್ತನು ಆಟೋದಲ್ಲೂ ಕೇಳ್ತಾನೆ.

ಸತ್ಯ ಹೇಳಬೇಕು ಅಂದರೆ, ಅಡ್ಮಿಟ್ ಆದ ದಿನ ನಾನು ತುಂಬ ಧೈರ್ಯವಾಗಿದ್ದೆ. ವರ್ಷಿಪ್ ಹಾಡು ಕೇಳ್ತಾ, ವಾಕ್ಯ ಬರೆದ ಚೀಟಿಗಳನ್ನ ಮಂಚದ ಕಂಬಿಗೆ ಅಂಟಿಸಿಕೊಂಡು ಇದ್ದೆ. ಹನ್ನೆರಡನೇ ದಿನಕ್ಕೆ ಬಾಯಿ ತುಂಬ ಹುಣ್ಣು. ಎಂಜಲು ನುಂಗೋದಕ್ಕೂ ಆಗ್ತಿರಲಿಲ್ಲ, ಅನ್ಯಭಾಷೆಯಲ್ಲಿ ಪ್ರಾರ್ಥನೆ ಎಲ್ಲಿಂದ ಬರಬೇಕು? ಬೈಬಲ್ ತೆಗೆದರೆ ಅಕ್ಷರ ಓಡ್ತಿತ್ತು. ಹಾಡು ಹಾಕಿದರೆ ತಲೆನೋವು. ಇಯರ್‌ಫೋನ್ ತೆಗೆದು ಪಕ್ಕಕ್ಕಿಟ್ಟೆ. ಕೈ ಭಾರವಾಯಿತು ಅಂದರೆ ಏನು ಅಂತ ನನಗೆ ಅವತ್ತು ಗೊತ್ತಾಯಿತು.

ಆ ದಿನಗಳಲ್ಲಿ ನನ್ನ ಜೊತೆ ಇದ್ದ ವಾಕ್ಯ ಒಂದೇ, 88ನೇ ಕೀರ್ತನೆ. ಓದಿಲ್ಲ ಅಂದರೆ ಮನೆಗೆ ಹೋಗಿ ಓದಿ. ಬೇರೆ ದುಃಖದ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಹೇಗೋ ಸ್ತೋತ್ರಕ್ಕೆ ತಿರುಗ್ತವೆ. ಇದು ತಿರುಗೋದಿಲ್ಲ. ಇಬ್ರಿಯ ಭಾಷೆಯಲ್ಲಿ ಇದರ ಕಟ್ಟಕಡೆಯ ಪದವೇ ಕತ್ತಲೆ. ಪವಿತ್ರಾತ್ಮನು ಅಂಥ ಒಂದು ಪ್ರಾರ್ಥನೆಯನ್ನೂ ಬೈಬಲಿನಲ್ಲಿ ಉಳಿಸಿದ್ದಾನೆ ಅಂದರೆ, ಅಂಥ ರಾತ್ರಿಗಳು ತನ್ನ ಮಕ್ಕಳಿಗೆ ಬರ್ತವೆ ಅಂತ ಆತನಿಗೆ ಗೊತ್ತು. ಮಾತೇ ಬಾರದವರ ಪರವಾಗಿ ಆತ್ಮನು ತಾನೇ ಬೇಡ್ತಾನೆ ಅಂತ ರೋಮಾಪುರದವರಿಗೆ 8ನೇ ಅಧ್ಯಾಯದಲ್ಲಿ ಪೌಲನು ಬರೆದದ್ದನ್ನ ನಾನು ಹತ್ತಾರು ಸಲ ಬೋಧಿಸಿದ್ದೆ. ಆ ವಾರ ಅದರ ಮೇಲೆ ಮಲಗಿದ್ದೆ.

ಈಗ ತಂಗಿಯ ಪ್ರಶ್ನೆಗೆ ಬರೋಣ. ಅರಸುಗಳು ಎರಡನೆಯ ಭಾಗ, 20ನೇ ಅಧ್ಯಾಯ. ರಾಜ ಹಿಜ್ಕೀಯನಿಗೆ ಮರಣಕರವಾದ ರೋಗ. ಗೋಡೆಯ ಕಡೆ ಮುಖ ಮಾಡಿ ಅಳ್ತಾನೆ, ಪ್ರಾರ್ಥನೆ ಮಾಡ್ತಾನೆ. ಪ್ರವಾದಿಯಾದ ಯೆಶಾಯ ಅರಮನೆಯ ಅಂಗಳ ದಾಟುವುದರೊಳಗೆ ದೇವರ ಉತ್ತರ ಬಂದುಬಿಡುತ್ತೆ: ಮೂರನೇ ದಿನ ದೇವಾಲಯಕ್ಕೆ ಹೋಗ್ತೀಯ, ಇನ್ನೂ 15 ವರ್ಷ ಬದುಕ್ತೀಯ. ಉತ್ತರ ಬಂದಾಯಿತು, ವಾಗ್ದಾನ ಸಿಕ್ಕಾಯಿತು. ಅದರ ಮುಂದಿನ ವಚನದಲ್ಲಿ ಯೆಶಾಯ ಏನು ಹೇಳ್ತಾನೆ? ಅಂಜೂರದ ಹಣ್ಣಿನ ಉಂಡೆ ತಂದು ಹುಣ್ಣಿನ ಮೇಲೆ ಕಟ್ಟಿ ಅಂತಾನೆ. ಕಟ್ಟಿದರು, ರಾಜ ವಾಸಿಯಾದ.

ಅಂಜೂರ ಆ ಕಾಲದ ಮದ್ದು. ನಮ್ಮಜ್ಜಿ ಕುರುವಿಗೆ ಬಿಸಿ ಪೋಟಿಸು ಕಟ್ಟುತ್ತಿದ್ದ ಹಾಗೆ. ವಾಗ್ದಾನ ಮೊದಲು, ಮದ್ದು ಆಮೇಲೆ, ಮತ್ತೆ ಎರಡನ್ನೂ ಹೇಳಿದವನು ಒಬ್ಬನೇ ಪ್ರವಾದಿ. ನಂಬಿಕೆ ಇದ್ದರೆ ಮದ್ದು ಬೇಡ ಅನ್ನೋದು ಸರಿ ಅಂದರೆ, ಯೆಶಾಯನಿಗೇ ನಂಬಿಕೆ ಸಾಲದು ಅನ್ನಬೇಕಾಗುತ್ತೆ. ಹಾಗೆ ಹೇಳೋಕೆ ಯಾರಿಗೆ ಧೈರ್ಯ ಇದೆ? ಪೌಲನ ಜೊತೆ ಓಡಾಡಿದ ಲೂಕ ವೈದ್ಯ, ಕೊಲೊಸ್ಸೆಯವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಪೌಲ ಅವನನ್ನ ಪ್ರೀತಿಯಿಂದ ಹೆಸರಿಸ್ತಾನೆ. ನಿನ್ನ ವೃತ್ತಿ ಬಿಟ್ಟು ಬಾ ಅಂದದ್ದು ನಾನಂತೂ ಎಲ್ಲೂ ಓದಿಲ್ಲ.

ನಮ್ಮ ದೇಶದಲ್ಲಿ ಇದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಇದೆ. ಐಡಾ ಸ್ಕಡರ್ ಅಂತ ಒಬ್ಬ ಮಿಷನರಿಯ ಮಗಳು. ತಾನು ಮಿಷನರಿ ಆಗಲ್ಲ ಅಂತ ಹಟ ಹಿಡಿದಿದ್ದವಳು. ಒಂದೇ ರಾತ್ರಿ ಮೂರು ಮನೆಯವರು ಹೆರಿಗೆ ಕಷ್ಟವಾಗಿದೆ ಬನ್ನಿ ಅಂತ ಬಂದರು. ಆಕೆ ಡಾಕ್ಟರಲ್ಲ, ಡಾಕ್ಟರಾಗಿದ್ದ ಅಪ್ಪ ಬರ್ತಾರೆ ಅಂದರೆ ಗಂಡಸು ಮುಟ್ಟುವುದು ಬೇಡ ಅಂತ ವಾಪಸ್ ಹೋದರು. ಬೆಳಗಾಗುವಷ್ಟರಲ್ಲಿ ಮೂವರೂ ತೀರಿಹೋಗಿದ್ದರು. ಆಕೆ ಅಮೆರಿಕಕ್ಕೆ ಹೋಗಿ ವೈದ್ಯಕೀಯ ಓದಿ, 1900ರಲ್ಲಿ ವೆಲ್ಲೂರಿಗೆ ಬಂದು ಒಂದು ಸಣ್ಣ ಕೋಣೆಯಲ್ಲಿ ಶುರುಮಾಡಿದ್ದೇ ಇವತ್ತಿನ ಸಿಎಂಸಿ. ಅಲ್ಲಿ 1986ರಿಂದ ಅಸ್ಥಿಮಜ್ಜೆ ಕಸಿ ನಡೀತಿದೆ. ನಮ್ಮ ಮೈಸೂರಿನಲ್ಲಿ ಹಿರಿಯರು ಮಿಷನ್ ಆಸ್ಪತ್ರೆ ಅಂತಾರಲ್ಲ, ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅದು 1906ರದ್ದು. ಇವೆಲ್ಲ ಮೊಣಕಾಲೂರಿದವರು ಕಟ್ಟಿದ ಕಟ್ಟಡಗಳು. ದೇವರನ್ನ ಬಿಟ್ಟವರು ಕಟ್ಟಿದ್ದಲ್ಲ.

ಇನ್ನೊಂದು ಮಾತು, ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ. ನಾವು ಪೆಂಟೆಕೋಸ್ಟಲರು, ದೈವಿಕ ಸ್ವಸ್ಥತೆಯನ್ನ ನಂಬ್ತೀವಿ. ನಾನೂ ನಂಬ್ತೀನಿ, ರೋಗಿಗಳ ಮೇಲೆ ಕೈಯಿಟ್ಟು ಪ್ರಾರ್ಥಿಸ್ತೀನಿ, ಎಣ್ಣೆ ಹಚ್ಚುತ್ತೀನಿ, ಯಾಕೋಬನು 5ನೇ ಅಧ್ಯಾಯದಲ್ಲಿ ಹೇಳಿದ ಹಾಗೆ. ಪ್ರಾರ್ಥನೆಯಲ್ಲಿ ನಿನಗೆ ಬಿಡುಗಡೆ ಆಯಿತು ಅಂತ ಅನ್ನಿಸಿದರೆ ದೇವರನ್ನ ಕೊಂಡಾಡು. ಆದರೆ ಮಾತ್ರೆ ನಿಲ್ಲಿಸೋದು ಡಾಕ್ಟರ್ ನೋಡಿ ಹೇಳಿದ ಮೇಲೆ. ಯೇಸು ಕುಷ್ಠರೋಗಿಯನ್ನ ಮುಟ್ಟಿ ಗುಣಪಡಿಸಿದ ಮೇಲೂ ಯಾಜಕನಿಗೆ ಹೋಗಿ ತೋರಿಸು ಅಂತಲೇ ಕಳಿಸಿದನು. ಆ ಕಾಲದಲ್ಲಿ ಪರೀಕ್ಷೆ ಮಾಡುವವನು ಯಾಜಕ. ಕರ್ತನ ಕೆಲಸ ಸ್ಕ್ಯಾನ್‌ಗೆ ಹೆದರೋದಿಲ್ಲ. ಯಾವ ವೇದಿಕೆಯಿಂದ ಯಾರೇ ಹೇಳಲಿ, ಔಷಧ ಬಿಸಾಡು ಅಂದರೆ ಆ ಮಾತು ಕೇಳಬೇಡಿ. ನಾನು ಹೇಳಿದರೂ ಕೇಳಬೇಡಿ.

ಸರಿ, ಆರೋನ ಮತ್ತು ಹೂರನ ವಿಷಯ. ಆರೋನ ಮೋಶೆಯ ಒಡಹುಟ್ಟಿದ ಅಣ್ಣ. ಹೂರ ಯಾರು ಅಂತ ಇಲ್ಲಿ ಹೇಳಿಲ್ಲ. ಯೆಹೂದ್ಯರ ಇತಿಹಾಸಕಾರ ಜೋಸೆಫಸ್ ಅವನನ್ನ ಮಿರ್ಯಾಮಳ ಗಂಡ ಅಂತಾನೆ, ಅಂದರೆ ಮೋಶೆಯ ಭಾವ. ಹಾಗಿದ್ದರೆ ಗುಡ್ಡದ ಮೇಲೆ ಇದ್ದದ್ದು ಒಂದೇ ಮನೆಯ ಮೂರು ಜನ.

ನನ್ನ ಮನೆಯಲ್ಲಿ ಅಮ್ಮ, ಅಣ್ಣ, ಅತ್ತಿಗೆ. ಅಪ್ಪ ಇಲ್ಲ. ಅಮ್ಮ ಮೊದಲ 29 ದಿನ ವಾರ್ಡಿನ ಅಟೆಂಡರ್ ಬೆಂಚಿನ ಮೇಲೆ ಮಲಗಿದರು. ನನಗೆ ವಾಂತಿ ಬಂದಾಗಲೆಲ್ಲ ಅವರು ಬೆನ್ನು ಸವರುತ್ತಾ ಸಣ್ಣಗೆ "ಯೇಸಪ್ಪಾ, ಯೇಸಪ್ಪಾ" ಅಂತಿದ್ದರು. ಅಷ್ಟೇ ಅವರ ಪ್ರಾರ್ಥನೆ. ನನಗೆ ಬಾಯಿ ಇಲ್ಲದ ದಿನಗಳಲ್ಲಿ ನಾನು ಅದನ್ನೇ ನನ್ನ ಪ್ರಾರ್ಥನೆ ಅಂತ ಎಣಿಸಿಕೊಂಡೆ.

ಒಂದು ವಿಷಯ ಮಾತ್ರ ನಮ್ಮಿಬ್ಬರ ನಡುವೆ ಬಂತು. ನಾನು ಅಮ್ಮನ ಮುಂದೆ ನೋವು ಮುಚ್ಚಿಡ್ತಿದ್ದೆ, ಅಮ್ಮ ನನ್ನ ಮುಂದೆ ಅಳು ಮುಚ್ಚಿಡ್ತಿದ್ದರು. ಕಾರಿಡಾರ್‌ಗೆ ಹೋಗಿ ಅತ್ತು ಮುಖ ತೊಳೆದು ಬರೋದು. ಆಸ್ಪತ್ರೆಗಳಲ್ಲಿ ಎಲ್ಲ ಮಂಚಗಳ ಸುತ್ತಲೂ ಈ ನಾಟಕ ನಡೀತಿರುತ್ತೆ. ಫಿಲಿಪ್ಪಿಯವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಎಪಫ್ರೊದೀತ ಅನ್ನೋನು ಬರ್ತಾನೆ. ಸಾಯುವಷ್ಟು ಕಾಯಿಲೆ ಬಿದ್ದವನು. ಅವನ ಸಂಕಟ ಏನಿತ್ತು ಗೊತ್ತಾ? ತನಗೆ ಕಾಯಿಲೆ ಅಂತ ಊರಿನವರಿಗೆ ತಿಳಿದುಹೋಯಿತಲ್ಲ ಅನ್ನೋದು! ಅವರು ಅಲ್ಲಿ ಒದ್ದಾಡ್ತಾರೆ ಅಂತ ಇವನು ಇಲ್ಲಿ ಒದ್ದಾಡ್ತಿದ್ದ. ಎರಡು ಸಾವಿರ ವರ್ಷದಿಂದ ರೋಗಿಗಳು ಹೀಗೇ ಇದ್ದಾರೆ. ಪೌಲ ಅದನ್ನ ಬಲಹೀನತೆ ಅನ್ನಲಿಲ್ಲ. ಅವನನ್ನ ಊರಿಗೆ ಕಳಿಸಿಕೊಟ್ಟ, ಕಣ್ಣಾರೆ ನೋಡಿ ಇಬ್ಬರಿಗೂ ಸಮಾಧಾನ ಆಗಲಿ ಅಂತ. ನನ್ನ ಮೂರನೇ ವಾರದಲ್ಲಿ ಒಂದು ರಾತ್ರಿ ಅಮ್ಮನಿಗೆ ಹೇಳಿಬಿಟ್ಟೆ, "ಅಮ್ಮಾ, ನನಗೆ ತುಂಬ ಹೆದರಿಕೆ ಆಗ್ತಿದೆ." ಅಮ್ಮ "ನನಗೂ ಮಗಾ" ಅಂದರು. ಇಬ್ಬರೂ ಅತ್ತೆವು. ಆಮೇಲೆ ಅಮ್ಮ ಮಂಚದ ಪಕ್ಕಕ್ಕೆ ಬೆಂಚು ಎಳೆದುಕೊಂಡು ನನ್ನ ಕೈ ಹಿಡಿದು ಮಲಗಿದರು. ಅವತ್ತು ನನಗೆ ಬಂದ ನಿದ್ದೆ ಯಾವ ಮಾತ್ರೆಯಿಂದಲೂ ಬಂದಿರಲಿಲ್ಲ.

ಈಗ ಅಣ್ಣನ ವಿಷಯ. ಇದನ್ನ ಹೇಳೋಕೆ ಅವನನ್ನೂ ಕೇಳಿದ್ದೀನಿ. "ಹೇಳ್ಕೋ, ಆದ್ರೆ ನನ್ನನ್ನ ಉದಾಹರಣೆ ಮಾಡ್ಬೇಡ" ಅಂದಿದ್ದಾನೆ. ಪ್ರಯತ್ನಪಡ್ತೀನಿ.

ಮೊದಲ ಕೀಮೋದಿಂದ ಕಾಯಿಲೆ ಹಿಂದೆ ಸರಿಯಿತು, ಆದರೆ ನನ್ನ ಕಾಯಿಲೆಯ ಬಗೆ ಮತ್ತೆ ಬರುವಂಥದ್ದು, ಮಜ್ಜೆ ಕಸಿ ಬೇಕು ಅಂದರು. ಬೇರೆಯವರ ರಕ್ತದ ಮೂಲಕಣಗಳನ್ನ ನನ್ನೊಳಗೆ ಹಾಕೋದು. ಅದಕ್ಕೆ ಎಚ್‌ಎಲ್‌ಎ ಹೊಂದಿಕೆ ಆಗಬೇಕು. ಅರ್ಧ ಅಪ್ಪನಿಂದ ಅರ್ಧ ಅಮ್ಮನಿಂದ ಬರುವುದರಿಂದ, ಒಡಹುಟ್ಟಿದ ಒಬ್ಬರು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ನನಗಿರೋದು ಒಬ್ಬನೇ ಅಣ್ಣ. ಅವನು ಸಭೆಗೆ ಬರೋದನ್ನ ಬಿಟ್ಟು ಆಗ ಆರು ವರ್ಷ ಆಗಿತ್ತು. ಅಪ್ಪ ತೀರಿಕೊಂಡ ಸಮಯದಲ್ಲಿ ಯಾರೋ ಆಡಿದ ಮಾತು ಅವನಿಗೆ ಚುಚ್ಚಿತ್ತು. ನಂಬಿಕೆ ಇದ್ದಿದ್ದರೆ ನಿಮ್ಮಪ್ಪ ಉಳೀತಿದ್ದರು ಅನ್ನೋ ಮಾತು. ಅದನ್ನ ಯಾರು ಆಡಿದರು ಅನ್ನೋದು ಇವತ್ತು ಬೇಡ. ಆ ಒಂದು ವಾಕ್ಯ ಒಬ್ಬ ಮನುಷ್ಯನನ್ನ ದೇವರ ಮನೆಯಿಂದ ಎಷ್ಟು ದೂರ ಕಳಿಸುತ್ತೆ ಅನ್ನೋದು ಮಾತ್ರ ನೆನಪಿಡಿ.

ರಿಪೋರ್ಟ್ ಬಂತು. ಪೂರ್ತಿ ಹೊಂದಿಕೆ. ಅಣ್ಣ ಫೋನ್‌ನಲ್ಲಿ ಹೇಳಿದ್ದು, "ಲೋ, ಮ್ಯಾಚ್ ಆಗಿದೆ ಕಣೋ. ಚಿಕ್ಕವನಿದ್ದಾಗಿಂದ ನನ್ನ ಶರ್ಟೇ ಹಾಕ್ಕೊಂಡು ಓಡಾಡ್ತಿದ್ದೆ, ಈಗ ಇದೂ ತಗೋ." ಐದು ದಿನ ಅವನಿಗೆ ಇಂಜೆಕ್ಷನ್ ಕೊಟ್ಟರು, ಮೂಲಕಣಗಳು ಮಜ್ಜೆಯಿಂದ ರಕ್ತಕ್ಕೆ ಬರಲಿ ಅಂತ. ಸೊಂಟ, ಬೆನ್ನು ಎಲ್ಲ ನೋವು. ಆಮೇಲೆ ಒಂದು ಮೆಷಿನ್ ಪಕ್ಕ ಐದು ಗಂಟೆ ಕೈ ಮಡಚದೆ ಕೂತಿದ್ದ. ಒಂದು ತೋಳಿನಿಂದ ರಕ್ತ ಹೊರಗೆ, ಬೇಕಾದ್ದನ್ನ ತೆಗೆದುಕೊಂಡು ಇನ್ನೊಂದು ತೋಳಿಗೆ ವಾಪಸ್. ಎರಡು ತೋಳು ಚಾಚಿ ಕೂತಿದ್ದ ಅವನ ಫೋಟೋ ಅತ್ತಿಗೆ ಕಳಿಸಿದಾಗ ನನಗೆ ರೆಫೀದೀಮು ನೆನಪಾಯಿತು. ಉದಾಹರಣೆ ಮಾಡ್ತಿಲ್ಲ ಅಣ್ಣಾ, ನೆನಪಾಯಿತು ಅಷ್ಟೆ.

2023ರ ಜನವರಿಯಲ್ಲಿ ಕಸಿ ಆಯಿತು. ನೋಡೋಕೆ ಏನೂ ಇಲ್ಲ, ಒಂದು ಚೀಲ ರಕ್ತ ಏರಿಸಿದ ಹಾಗೆ. ಗಾಳಿ ಸೋಸಿ ಬಿಡುವ ಕೋಣೆ, ಒಬ್ಬರೇ ಜೊತೆಗೆ, ಬೇಯಿಸಿದ ಊಟ ಮಾತ್ರ. ನಿಮ್ಮಲ್ಲಿ ಹಲವರು ಉಪವಾಸ ಮಾಡಿ, ಸರದಿ ಹಾಕಿಕೊಂಡು ರಾತ್ರಿಯಿಡೀ ಪ್ರಾರ್ಥಿಸಿದಿರಿ. ದಿನಾ ಬೆಳಗ್ಗೆ ಕೌಂಟ್ ಬರೋದು. ಸೊನ್ನೆ, ಸೊನ್ನೆ, ಸೊನ್ನೆ. ಹದಿನೇಳನೇ ದಿನ ನ್ಯೂಟ್ರೋಫಿಲ್ 500 ದಾಟಿತು, ಮಾರನೇ ದಿನವೂ, ಅದರ ಮಾರನೇ ದಿನವೂ. ಅಣ್ಣನ ಕಣಗಳು ನನ್ನಲ್ಲಿ ಮನೆ ಮಾಡಿಕೊಂಡಿದ್ದವು. ಹುಟ್ಟಿದಾಗ ನನ್ನ ರಕ್ತ ಒ ಪಾಸಿಟಿವ್. ಈಗ ಅಣ್ಣನ ಹಾಗೆ ಬಿ ಪಾಸಿಟಿವ್. ಹೌದು, ಬದಲಾಗುತ್ತೆ! ಕಲ್ವಾರಿಯ ರಕ್ತದ ಬಗ್ಗೆ ನಾನು ಇಲ್ಲಿ ಅರ್ಧ ಗಂಟೆ ಹೇಳಬಹುದು, ನಿಮ್ಮ ಮುಖ ನೋಡಿದರೇ ಗೊತ್ತಾಗುತ್ತೆ ನೀವು ಆಗಲೇ ಅಲ್ಲಿಗೆ ಹೋಗಿದ್ದೀರಿ. ಹಾಗಾಗಿ ಬಿಡ್ತೀನಿ.

ಅಣ್ಣ ಈಗಲೂ ಸಭೆಗೆ ಬರೋದಿಲ್ಲ. ದೇವರು ನಿನ್ನನ್ನ ಉಪಯೋಗಿಸಿದ್ದಾನೆ, ಇನ್ನಾದರೂ ಬಾ ಅಂತ ಅವನಿಗೆ ಒತ್ತಾಯ ಮಾಡಬೇಡಿ ಅಂತ ಹಿರಿಯರಿಗೂ ವಿನಂತಿ ಮಾಡಿಕೊಂಡಿದ್ದೀನಿ. ಅವನು ಕೊಟ್ಟದ್ದು ತಮ್ಮನಿಗೆ. ಅದನ್ನ ನಾವು ಗಾಳಕ್ಕೆ ಸಿಕ್ಕಿಸೋದು ಬೇಡ. ಅದೇ ಆರೋನ ಮುಂದೆ 32ನೇ ಅಧ್ಯಾಯದಲ್ಲಿ ಬಂಗಾರದ ಕರು ಮಾಡ್ತಾನೆ, ಗೊತ್ತಲ್ವಾ? ಅದು ಮೋಶೆಯ ತೋಳು ಹಿಡಿದಿದ್ದ ಅದೇ ಕೈ. ಮೋಶೆ ಅವನಿಗೋಸ್ಕರವೂ ದೇವರ ಹತ್ತಿರ ಬೇಡಿಕೊಂಡ ಅಂತ ಧರ್ಮೋಪದೇಶಕಾಂಡ 9ರಲ್ಲಿ ಇದೆ. ನಾನೂ ಬೇಡಿಕೊಳ್ತಿದ್ದೀನಿ, ಪ್ರತಿದಿನ.

ಇನ್ನು ಈ ಮಾತು ಹೇಳದೆ ಹೋದರೆ ನನ್ನ ಸಾಕ್ಷಿ ಅರ್ಧ ಸುಳ್ಳಾಗುತ್ತೆ. ನನ್ನ ಪಕ್ಕದ ಮಂಚದಲ್ಲಿ ರಾಯಚೂರು ಕಡೆಯ ಒಬ್ಬ ಹುಡುಗ ಇದ್ದ, ಹತ್ತೊಂಬತ್ತು ವರ್ಷ. ನನಗಿಂತ ಹೆಚ್ಚು ಪ್ರಾರ್ಥಿಸ್ತಿದ್ದ. ನನಗೆ ಬಾಯಿ ಇಲ್ಲದಾಗ ಪರದೆ ಆ ಕಡೆಯಿಂದ ಕೀರ್ತನೆ ಓದಿ ಕೇಳಿಸ್ತಿದ್ದ, ಉತ್ತರ ಕರ್ನಾಟಕದ ಭಾಷೆಯಲ್ಲಿ ಅಲ್ಲಲ್ಲಿ ವಿವರಣೆ ಬೇರೆ. ಅವನಿಗೆ ಔಷಧ ಹಿಡಿಯಲಿಲ್ಲ. ಸೆಪ್ಟೆಂಬರ್‌ನಲ್ಲಿ ಕರ್ತನ ಬಳಿಗೆ ಹೋದ. ನಂಬಿಕೆಯ ಅಳತೆಯಿಂದ ವಾಸಿಯಾಗೋದಾಗಿದ್ದರೆ ಇವತ್ತು ಇಲ್ಲಿ ನಿಂತು ಮಾತಾಡಬೇಕಾದವನು ಅವನು. ಪೌಲನು ತ್ರೊಫಿಮನನ್ನ ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟುಬಂದೆ ಅಂತ ತಿಮೊಥೆಗೆ ಒಂದು ಸಾಲು ಬರೀತಾನೆ, ಯಾಕೆ ಅಂತ ವಿವರಿಸೋದಿಲ್ಲ. ಮೈಗೆ ತಾಗಿದ ವಸ್ತ್ರಗಳಿಂದಲೂ ಜನ ವಾಸಿಯಾದ ಅಪೊಸ್ತಲ ಅವನು. ವಿವರಣೆ ಅವನ ಹತ್ತಿರ ಇರಲಿಲ್ಲ ಅಂದಮೇಲೆ ನನ್ನ ಹತ್ತಿರ ಎಲ್ಲಿಂದ ಬರಬೇಕು? ಆ ಹುಡುಗನ ತಾಯಿಗೆ ನಾನು ಫೋನ್ ಮಾಡ್ತಿರ್ತೀನಿ. ಕಾರಣ ಹೇಳೋದಿಲ್ಲ. ಅವನು ಓದಿದ ಕೀರ್ತನೆಗಳ ಬಗ್ಗೆ ಮಾತಾಡ್ತೀವಿ.

ನೀವು ಏನು ಮಾಡಬಹುದು? ಕಲ್ಲು ತನ್ನಿ. ಅಂದರೆ, ಸುಮ್ಮನೆ "ಏನಾದ್ರೂ ಬೇಕಿದ್ರೆ ಹೇಳಿ" ಅಂತ ಮೆಸೇಜ್ ಹಾಕಬೇಡಿ, ರೋಗಿಯ ಮನೆಯವರು ಹೇಳೋದಿಲ್ಲ. "ಶನಿವಾರ ಎರಡರಿಂದ ಆರರ ತನಕ ನಾನು ಆಸ್ಪತ್ರೆಯಲ್ಲಿ ಕೂರ್ತೀನಿ, ಆಂಟಿ ಮನೆಗೆ ಹೋಗಿ ಸ್ನಾನ ಮಾಡಿ ಮಲಗಿ ಬರಲಿ" ಅಂತ ಹೇಳಿ. ಆರೋನನ ತೋಳೂ ನೋಯುತ್ತೆ, ಅದನ್ನ ಯಾರೂ ವಿಚಾರಿಸೋದಿಲ್ಲ. ನಮ್ಮ ಸಭೆಯ ಇಬ್ಬರು ತಮ್ಮಂದಿರು ನನ್ನ ಇನ್ಶೂರೆನ್ಸ್ ಫೈಲ್ ಪೂರ್ತಿ ಹೊತ್ತುಕೊಂಡರು, ಅದು ನನಗೆ ಎರಡು ಸಂದೇಶಗಳಿಗೆ ಸಮ. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ ಇದೆ, ಅದಕ್ಕೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿಗೆ ಓಡಾಡಬೇಕಾಗುತ್ತೆ. ಇಂಟರ್‌ನೆಟ್ ಗೊತ್ತಿರುವ ನೀವು ಓಡಾಡಿ. ನೆಗಡಿ ಇದ್ದರೆ ನೋಡೋಕೆ ಹೋಗಲೇಬೇಡಿ. ಹೂವಿನ ಬೊಕ್ಕೆ, ಹೆಚ್ಚಿದ ಹಣ್ಣು ಬೇಡ. ಯಾರ ಚಿಕ್ಕಪ್ಪನಿಗೆ ಇದೇ ಕಾಯಿಲೆ ಬಂದು ಏನಾಯಿತು ಅನ್ನೋ ಕಥೆಯೂ ಬೇಡ.

ಪ್ಲೇಟ್‌ಲೆಟ್ ಕೊಡಿ. ಅದನ್ನ ತೆಗೆದ ಮೇಲೆ ಐದು ದಿನ ಮಾತ್ರ ಇಡಬಹುದು, ಹಾಗಾಗಿ ಕೂಡಿಡೋಕೆ ಆಗೋದಿಲ್ಲ, ಮನುಷ್ಯರು ಬರ್ತಾನೇ ಇರಬೇಕು. ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಗೆ ರಾಜ್ಯದ ಎಲ್ಲ ಜಿಲ್ಲೆಗಳಿಂದ ಜನ ಬರ್ತಾರೆ, ಅವರಿಗೆ ಈ ಊರಿನಲ್ಲಿ ರಕ್ತ ಕೊಡುವ ಗೆಳೆಯರಿರೋದಿಲ್ಲ. ಅಣ್ಣ ತಮ್ಮ ಹೊಂದದೇ ಇರುವವರಿಗೋಸ್ಕರ ಮೂಲಕಣ ದಾನಿಗಳ ನೋಂದಣಿಯೂ ಇದೆ, ಡಿಕೆಎಂಎಸ್, ದಾತ್ರಿ ಅಂತ. ಕೆನ್ನೆಯ ಒಳಗಡೆ ಹತ್ತಿಕಡ್ಡಿ ಒರೆಸಿ ಕೊಟ್ಟರೆ ಸಾಕು. ಬಾಗಿಲ ಹತ್ತಿರ ಹೆಸರು ಬರೆಯುವ ಪುಸ್ತಕ ಇಟ್ಟಿದ್ದೀವಿ, ಹೋಗುವಾಗ ನೋಡಿ.

ಈಗ ಪ್ರಾರ್ಥನೆ ಮಾಡೋಣ. ಸಂಗೀತದವರು ಮುಂದೆ ಬನ್ನಿ, ಮೆಲ್ಲಗೆ ನುಡಿಸಿ. ಚಿಕಿತ್ಸೆಯಲ್ಲಿ ಇರುವವರು, ನಾಳೆ ರಿಪೋರ್ಟ್‌ಗೆ ಕಾಯ್ತಿರುವವರು, ಮನೆಯಲ್ಲಿ ರೋಗಿಯನ್ನ ಬಿಟ್ಟು ಒಂದು ಗಂಟೆ ಮಟ್ಟಿಗೆ ಇಲ್ಲಿ ಬಂದಿರುವವರು, ನೀವು ಎದ್ದು ನಿಲ್ಲಬೇಡಿ, ಮುಂದಕ್ಕೂ ಬರಬೇಡಿ, ಕೈ ಎತ್ತುವುದೂ ಬೇಡ. ಕೂತೇ ಇರಿ. ಮಿಕ್ಕವರೆಲ್ಲ ಏಳಿ. ನಿಮ್ಮ ಆ ಪಕ್ಕ ಈ ಪಕ್ಕ ಕೂತಿರುವವರು ಯಾರು ನೋಡಿ, ಅವರ ಹತ್ತಿರ ಹೋಗಿ. ತಂಗಿಯರ ಹತ್ತಿರ ತಂಗಿಯರು ಹೋಗಿ. ಒಪ್ಪಿಗೆ ಕೇಳಿ ಕೈ ಹಿಡಿಯಿರಿ. ನಾನು ನಿಲ್ಲಿಸಿ ಅನ್ನುವ ತನಕ ಬಿಡಬೇಡಿ.

ಪರಲೋಕದ ತಂದೆಯೇ, ಸ್ತೋತ್ರ ಅಪ್ಪಾ...